ಅರಿಶಿನ ಕುಂಕುಮದ ಎಕರೆ

ಹದಿನೆಂಟು ವರ್ಷ ನಾನು ಜನರನ್ನು ಹೆದರಿಸಿಯೇ ಹೊಟ್ಟೆ ಹೊರೆದವಳು. ಗೌರಿಬಿದನೂರಿನಲ್ಲಿ ವಿಮಾ ಏಜೆಂಟ್. ಕುಡುಮಲಕುಂಟೆಯ ಕಾರ್ಖಾನೆಗಳಲ್ಲಿ ಶಿಫ್ಟು ಬಿಡುವ ಹೊತ್ತಿಗೆ ಟೀ ಅಂಗಡಿಯ ಪಕ್ಕ ಸ್ಕೂಟರ್ ನಿಲ್ಲಿಸಿಕೊಂಡು ಕಾಯುತ್ತಿದ್ದೆ. ಡ್ಯೂಟಿ ಮುಗಿಸಿ ಬಂದ ಮನುಷ್ಯ ಟೀ ಲೋಟ ಕೈಗೆತ್ತಿಕೊಳ್ಳುವಷ್ಟರಲ್ಲಿ, ನಾಳೆ ನಿಮಗೇನಾದರೂ ಆದರೆ ಮನೆಯವರನ್ನು ಯಾರು ನೋಡಿಕೊಳ್ಳುತ್ತಾರಪ್ಪ ಅಂತ ಕೇಳಿಬಿಡುವುದು. ಅವನು ಟೀ ಕುಡಿಯುವುದನ್ನು ನಿಲ್ಲಿಸಿದ ಅಂದರೆ ಅರ್ಧ ಪಾಲಿಸಿ ಆದ ಹಾಗೇ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ, ನಾಚಿಕೆಯೂ ಇಲ್ಲ, ಅದೊಂದು ಕೆಲಸ. ಆದರೆ ಒಂದು ಬೆಳಿಗ್ಗೆ ಅಮ್ಮ ಬಚ್ಚಲಲ್ಲಿ ಬಿದ್ದು ಅವಳ ಬಲಗೈ ಬಲಗಾಲು ಎರಡೂ ಸ್ವಾಧೀನ ತಪ್ಪಿದಾಗ, ಅವಳಿಗೆ ಅಂತ ನನ್ನ ಬಳಿ ಒಂದು ಕಾಗದವೂ ಇರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಆ ಬುಡದಲ್ಲಿ ಮಲಗಿದ್ದವಳು ನಮ್ಮಮ್ಮ.

ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇದ್ದೆವು. ಮನೆಗೆ ಕಳಿಸುವಾಗ ಡಾಕ್ಟರು ಜೀವಕ್ಕೆ ಅಪಾಯವಿಲ್ಲ, ಹೀಗೇ ಎಷ್ಟು ವರ್ಷ ಬೇಕಾದರೂ ಇರಬಹುದು ಅಂದರು. ಒಳ್ಳೆಯ ಸುದ್ದಿಯೇ. ಆದರೆ "ಎಷ್ಟು ವರ್ಷ ಬೇಕಾದರೂ" ಅನ್ನುವ ಮಾತು ಕಿವಿಗೆ ಬಿದ್ದಾಗ ನನಗೆ ಮೊದಲು ಆದದ್ದು ಭಯ, ಸಂತೋಷ ಆಮೇಲೆ ಬಂತು. ಹೆತ್ತ ತಾಯಿ ಬಹಳ ದಿನ ಬದುಕುತ್ತಾಳೆ ಅಂದರೆ ಹೆದರುವ ಮಗಳು ನಾನು ಅಂತ ಗೊತ್ತಾಗಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತುಬಿಟ್ಟೆ. ನನ್ನ ಗಂಡ ಬಂದು ತಲೆ ಸುತ್ತುತ್ತಿದೆಯಾ ಅಂತ ಕೇಳಿದರು. ಹೌದು ಅಂತ ಸುಳ್ಳು ಹೇಳಿದೆ.

ಆಸ್ಪತ್ರೆಯ ಬಿಲ್ಲಿಗೆ ವಿಮೆ ಉಂಟು, ಅದೂ ವಯಸ್ಸು, ಬಿಪಿ ಎಲ್ಲ ನೋಡಿ ಕೊಟ್ಟರೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವ ಕೈಗೆ ವಿಮೆ ಇಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೆ ನೋಡಿಕೊಳ್ಳಲು ಒಬ್ಬ ಹೆಂಗಸು, ಕೈಕಾಲು ಆಡಿಸಲು ವಾರಕ್ಕೆ ಮೂರು ದಿನ ಬರುವ ಫಿಸಿಯೋದವರು, ಬೆನ್ನು ಹುಣ್ಣಾಗದ ಹಾಗೆ ಗಾಳಿ ಹಾಸಿಗೆ, ಡಯಾಪರ್, ಮಾತ್ರೆ. ಯಜಮಾನರು ಕಾರ್ಖಾನೆಯಿಂದ ಅವಧಿಗೆ ಮೊದಲೇ ಬಿಟ್ಟು ಬಂದವರು, ಅವರ ಪಿಂಚಣಿ ಆ ಹೆಂಗಸಿನ ಸಂಬಳಕ್ಕೆ ಸರಿಹೋಗುತ್ತಿತ್ತು. ನನ್ನ ಕಮಿಷನ್ನು, ಹೊರಗೆ ಹೋದರೆ ಉಂಟು, ಮನೆಯಲ್ಲಿ ಕೂತರೆ ಇಲ್ಲ. ಇದ್ದ ಆಸ್ತಿ ಅಂದರೆ ಊರ ಹೊರಗಿನ ಒಂದು ಸೈಟು, ನಮ್ಮಿಬ್ಬರ ಮುಪ್ಪಿಗೆ ಅಂತ ಇಟ್ಟುಕೊಂಡದ್ದು. ಒಬ್ಬಳೇ ಮಗಳನ್ನು ಚಿಂತಾಮಣಿಗೆ ಕೊಟ್ಟಿದ್ದೇವೆ. ಅವಳ ಅತ್ತೆಗೆ ಸಕ್ಕರೆ ಕಾಯಿಲೆ ಬಂದು ಒಂದು ಕಾಲು ತೆಗೆದಿದ್ದಾರೆ. ಅವಳ ಹತ್ತಿರ ಕೇಳುವುದಕ್ಕೆ ಏನೂ ಇರಲಿಲ್ಲ. ಸೈಟು ಮಾರಿದರೆ ಅಮ್ಮನಿಗೆ ಆಯಿತು, ಆಮೇಲೆ ನಮಗೇನು ಅನ್ನುವುದೇ ನನ್ನ ಎದೆಯಲ್ಲಿ ಹಗಲೆಲ್ಲ ಅವಲಕ್ಕಿ ಕುಟ್ಟುತ್ತಿತ್ತು.

ಆಗಲೇ ಆ ಒಂದು ಎಕರೆ ನೆನಪಾದದ್ದು. ನೆನಪಾಯಿತು ಅಂದರೆ ಸುಳ್ಳು, ಅದನ್ನು ಮರೆತೇ ಇರಲಿಲ್ಲ.

ಅಮ್ಮನ ತವರು ಶಿಡ್ಲಘಟ್ಟದಿಂದ ಸ್ವಲ್ಪ ದೂರದ ಹಳ್ಳಿ. ಹಿಪ್ಪುನೇರಳೆ ತೋಟ, ರೇಷ್ಮೆ ಹುಳು. ಅಜ್ಜ ಹೋದ ಮೇಲೆ ಜಮೀನಿನ ಕಾಗದ ಸರಿ ಮಾಡುವಾಗ ಅಮ್ಮ ತನ್ನ ಹಕ್ಕನ್ನೆಲ್ಲ ತಮ್ಮನಿಗೆ ಬಿಟ್ಟುಕೊಟ್ಟಳು. ಅವಳೊಬ್ಬಳೇ ಅಲ್ಲ, ನಮ್ಮ ಕಡೆ ಹೆಣ್ಣುಮಕ್ಕಳೆಲ್ಲ ಹಾಗೇ ಸಹಿ ಹಾಕಿ ಬರುತ್ತಾರೆ. ಹಾಕಿದವರನ್ನು ಒಳ್ಳೆಯ ಹೆಣ್ಣುಮಗಳು ಅನ್ನುತ್ತಾರೆ, ಹಾಕದವರನ್ನು ಏನನ್ನುತ್ತಾರೆ ಅಂತ ಬರೆಯುವುದು ಬೇಡ. ಅದಕ್ಕೆ ಬದಲು ಮಾವ, ಅಂದರೆ ಅಮ್ಮನ ತಮ್ಮ, ಕೆರೆ ಕೆಳಗಿನ ಒಂದು ಎಕರೆ ಅಕ್ಕನ ಅರಿಶಿನ ಕುಂಕುಮಕ್ಕೆ ಅಂತ ಎಲ್ಲರೆದುರು ಹೇಳಿದರು. ಅದು ಬಾಯಿ ಮಾತು. ಆ ಮಾತನ್ನು ಮಾವ ಒಂದು ವರ್ಷವೂ ತಪ್ಪಲಿಲ್ಲ ಅನ್ನುವುದನ್ನೂ ಹೇಳಬೇಕು. ಆ ಎಕರೆಯಲ್ಲಿ ಬೆಳೆದ ರಾಗಿ ಮೂಟೆ ಕಟ್ಟಿಕೊಂಡು, ಸೊಗಡಿನ ಅವರೆಕಾಯಿ ಚೀಲದಲ್ಲಿ ತುಂಬಿಕೊಂಡು, ಎರಡು ಬಸ್ಸು ಬದಲಿಸಿ ನಮ್ಮ ಮನೆಯವರೆಗೆ ತಂದಿಟ್ಟು ಹೋಗುತ್ತಿದ್ದರು.

ಅಮ್ಮ ಸಹಿ ಹಾಕಿದ ದಿನ ರಿಜಿಸ್ಟ್ರಾರ್ ಆಫೀಸಿನ ಎದುರು ಪತ್ರ ಬರೆಯುವವರು ಆ ಎಕರೆಯನ್ನೂ ಇದರ ಜೊತೆಗೇ ಬರೆದುಬಿಡೋಣವಾ ಅಂತ ಕೇಳಿದ್ದರು. ಕೇಳಿದ್ದು ನನ್ನನ್ನು, ಯಾಕೆಂದರೆ ಅಲ್ಲಿದ್ದ ಹೆಂಗಸರಲ್ಲಿ ಓದಿದವಳು ನಾನೊಬ್ಬಳೇ. ಮಾವ ಅಲ್ಲೇ ನಿಂತಿದ್ದರು. ಅವರ ಮುಖ ನೋಡಿ ನನಗೆ ನಾಚಿಕೆಯಾಯಿತು. ಕೊಡುತ್ತೇನೆ ಅಂತ ಹೇಳಿದ ಮನುಷ್ಯನ ಮುಂದೆಯೇ ಹಾಗಾದರೆ ಬರೆದುಕೊಡಿ ಅನ್ನುವುದು ಹೇಗೆ? ಬೇಡ ಬಿಡಿ, ನಮ್ಮ ನಮ್ಮಲ್ಲಿ ಅದೆಲ್ಲ ಏನು ಅಂದುಬಿಟ್ಟೆ. ದಿನಾ ಹತ್ತು ಜನಕ್ಕೆ ನಂಬಿಕೆ ಬೇರೆ ಕಾಗದ ಬೇರೆ ಅಂತ ಬುದ್ಧಿ ಹೇಳುವ ಬಾಯಿ ಅದು. ಸ್ವಂತದ ಸರದಿ ಬಂದಾಗ ಮರ್ಯಾದೆ ನೋಡಿಕೊಂಡಿತು.

ಅಮ್ಮ ಹಾಸಿಗೆ ಹಿಡಿದ ಎರಡನೇ ತಿಂಗಳಲ್ಲಿ ಅದೇ ಪತ್ರ ಬರೆಯುವವರನ್ನು ಹುಡುಕಿಕೊಂಡು ಹೋದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು ಇರುವುದನ್ನು ಇರುವ ಹಾಗೆ ಹೇಳಿದರು. ಪಹಣಿಯಲ್ಲಿ ಹೆಸರು ಮಾವನದು. ಅವರು ಬದುಕಿರುವಾಗಲೇ ದಾನಪತ್ರ ಮಾಡಿಕೊಟ್ಟರೆ ಉಂಟು, ಅವರಿಗೇನಾದರೂ ಆದರೆ ಖಾತೆ ಮಕ್ಕಳ ಹೆಸರಿಗೆ ಹೋಗುತ್ತದೆ, ಬಾಯಿ ಮಾತು ಅವರ ಜೊತೆಗೇ ಹೋಗುತ್ತದೆ. ಗಂಡುಮಕ್ಕಳಿಬ್ಬರೂ ಒಪ್ಪಿ ಸಹಿ ಹಾಕಿದರೆ ಮುಂದೆ ತಕರಾರು ಇರುವುದಿಲ್ಲ ಅಂತಲೂ ಅಂದರು. ಮಾವನ ಎದೆಗೆ ಹಿಂದಿನ ವರ್ಷವೇ ಎರಡು ಸ್ಟೆಂಟ್ ಹಾಕಿದ್ದರು. ಅವತ್ತಿನಿಂದ ನಾನು ದಿನಾ ಬೆಳಿಗ್ಗೆ ಹಲ್ಲುಜ್ಜುವ ಮೊದಲು ಮೊಬೈಲಿನಲ್ಲಿ ಆ ಸರ್ವೆ ನಂಬರಿನ ಪಹಣಿ ತೆಗೆದು ಮಾವನ ಹೆಸರು ಅಲ್ಲೇ ಇದೆಯಾ ಅಂತ ನೋಡುವುದಕ್ಕೆ ಶುರು ಮಾಡಿದೆ. ಇದ್ದರೆ ಮಾವ ಬದುಕಿದ್ದಾರೆ ಅಂತ ಸಮಾಧಾನ. ಒಂದು ಫೋನ್ ಮಾಡಿ ಹೇಗಿದ್ದೀರಿ ಮಾವ ಅಂತ ಕೇಳಿದ್ದರೆ ಆಗುತ್ತಿತ್ತು. ಕೇಳುವುದಕ್ಕೆ ಬಾಯಿ ಬರುತ್ತಿರಲಿಲ್ಲ, ಕೇಳಿದರೆ ಎಕರೆಗಾಗಿ ಕೇಳಿದಳು ಅಂತ ಅಂದುಕೊಳ್ಳುತ್ತಾರೇನೋ ಅಂತ.

ಕೊನೆಗೆ ಒಂದು ಭಾನುವಾರ ಹೋದೆ. ಮಾವ ಹುಳುವಿನ ಮನೆಯ ಬಾಗಿಲಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದರು. ನಾನು ಅಮ್ಮನ ಸ್ಥಿತಿ ಹೇಳಿದೆ, ಖರ್ಚು ಹೇಳಿದೆ, ಎಕರೆಯ ವಿಷಯ ಬಾಯಿಗೆ ತರುವುದಕ್ಕೆ ಎರಡು ಸಲ ನೀರು ಕುಡಿದೆ. ಅವರು ಸುಲಭ ಮಾಡಿಬಿಟ್ಟರು. ಅದು ಅಕ್ಕನದೇ, ಅದರಲ್ಲಿ ಕೇಳುವುದೇನಿದೆ, ಬರೆದುಕೊಡುತ್ತೇನೆ ಅಂದರು. ಒಳಗೆ ಪಾತ್ರೆ ತೊಳೆಯುವ ಸದ್ದು ನಿಂತಿತು. ದೊಡ್ಡ ಮಗ ಬಿದಿರಿನ ತಟ್ಟೆ ಎತ್ತಿಕೊಂಡು ನಮ್ಮನ್ನು ದಾಟಿ ಹೋದ, ಬಂದೆಯಾ ಅಂತ ಸಹ ಕೇಳಲಿಲ್ಲ. ಮಾವ ಎರಡು ಷರತ್ತು ಹಾಕಿದರು. ಹುಳು ಕೊನೆಯ ಜ್ವರಕ್ಕೆ ಕೂತಿದೆ, ಪೊರೆ ಬಿಟ್ಟು ಎದ್ದು ಸೊಪ್ಪು ತಿಂದು ಗೂಡು ಕಟ್ಟಿ ಮಾರ್ಕೆಟ್ಟಿಗೆ ಹೋಗುವವರೆಗೆ ಮನೆಯಿಂದ ಯಾರೂ ಕದಲುವ ಹಾಗಿಲ್ಲ, ಇದು ಒಂದು. ಇನ್ನೊಂದನ್ನು ನನ್ನ ಕೈ ಹಿಡಿದುಕೊಂಡು ಹೇಳಿದರು.

"ಅರಿಶಿನ ಕುಂಕುಮ ಅಕ್ಕನ ಕೈಗೇ ಕೊಡ್ಬೇಕು ಕಣಮ್ಮ. ಮಗಳ ಕೈಗೆ ಕೊಡೋದಲ್ಲ ಅದು. ಅಕ್ಕನ್ನ ಕರ್ಕೊಂಡು ಬಾ."

ಅಮ್ಮ ಎದ್ದು ಕೂರುವುದಕ್ಕೇ ಎರಡು ಜನ ಬೇಕು ಮಾವ ಅಂದೆ. ನಾಲ್ಕು ಜನ ಬರ್ತೀವಿ ಅಂದರು. ಅಕ್ಕ ಎದುರಿಗಿಲ್ಲದೆ ಕೊಟ್ಟರೆ ಅದು ದಾನವಲ್ಲ, ವ್ಯವಹಾರ ಅಂತ ಅವರ ಲೆಕ್ಕ.

ಆಮೇಲಿನ ಹದಿನೈದು ದಿನ ನಾನು ಹುಳುವಿನ ಪಂಚಾಂಗ ಹಿಡಿದುಕೊಂಡು ಬದುಕಿದೆ. ಈಗ ಜ್ವರದಿಂದ ಎದ್ದಿರಬೇಕು, ಈಗ ಹಣ್ಣಾಗಿರಬೇಕು, ಈಗ ಗೂಡು ಕಟ್ಟುವುದಕ್ಕೆ ಚಂದ್ರಂಕಿಯ ಬಿದಿರು ತಟ್ಟೆಯ ಮೇಲೆ ಬಿಟ್ಟಿರಬೇಕು. ಅಷ್ಟರಲ್ಲಿ ಮಾವನ ಎದೆ ನಿಂತರೆ? ಗಂಡುಮಕ್ಕಳು ಅವರ ಮನಸ್ಸು ತಿರುಗಿಸಿದರೆ? ಅಮ್ಮನಿಗೆ ಇನ್ನೊಂದು ಸಲ ಲಕ್ವ ಹೊಡೆದರೆ? ಒಂದು ದಿನ ಅಮ್ಮನ ಬಾಯಿಗೆ ಗಂಜಿ ಹಾಕುತ್ತಾ ಚಮಚ ಹಿಡಿದುಕೊಂಡೇ ಇದನ್ನೆಲ್ಲ ಯೋಚಿಸುತ್ತಿದ್ದೆ, ಅವಳು ಬಾಯಿ ತೆರೆದುಕೊಂಡು ಕಾಯುತ್ತಿದ್ದುದು ಎಷ್ಟೋ ಹೊತ್ತಿನ ಮೇಲೆ ಕಾಣಿಸಿತು. ಅವಳಿಗೆ ಎಲ್ಲಿಗೆ ಯಾಕೆ ಹೋಗುತ್ತಿದ್ದೇವೆ ಅಂತ ಹೇಳಿದ್ದೆ. ತಲೆ ಆಡಿಸಿದ್ದಳು. ಮಾತು ಪೂರ್ತಿ ನಿಂತಿರಲಿಲ್ಲ, ಒಂದೊಂದು ಪದ ಎಳೆದು ಎಳೆದು ಬರುತ್ತಿತ್ತು, ಕನ್ನಡಕ್ಕಿಂತ ತವರಿನ ತೆಲುಗೇ ಮೊದಲು ಬರುತ್ತಿತ್ತು. ಆ ತಲೆಯಾಡಿಸುವಿಕೆಯನ್ನು ನಾನು ಒಪ್ಪಿಗೆ ಅಂದುಕೊಂಡೆ. ನನಗೆ ಬೇಕಾದದ್ದೂ ಅದೇ.

ಗೂಡು ಮಾರಿದ ಮೂರನೇ ದಿನ ಮಾವ ಬರಹೇಳಿದರು. ಓಮ್ನಿ ವ್ಯಾನಿನ ಹಿಂದಿನ ಸೀಟು ತೆಗೆಸಿ ಹಾಸಿಗೆ ಹಾಸಿ ಅಮ್ಮನನ್ನು ಮಲಗಿಸಿಕೊಂಡು ಹೊರಟೆವು. ಮಂಚೇನಹಳ್ಳಿ ದಾಟುವವರೆಗೆ ಅವಳು ಕಣ್ಣು ಮುಚ್ಚಿ ಮಲಗಿದ್ದಳು. ಚಿಕ್ಕಬಳ್ಳಾಪುರ ಬಿಟ್ಟು ಶಿಡ್ಲಘಟ್ಟದ ರಸ್ತೆ ಹಿಡಿದಾಗ ಎಡಗೈಯಿಂದ ನನ್ನ ಸೆರಗು ಎಳೆದು ತಲೆ ಬಾಚು ಅನ್ನುವ ಹಾಗೆ ಸನ್ನೆ ಮಾಡಿದಳು. ತವರಿಗೆ ಹೋಗುವಾಗ ಕೆದರಿದ ತಲೆಯಲ್ಲಿ ಹೋಗಬಾರದಲ್ಲ. ವ್ಯಾನು ನಿಲ್ಲಿಸಿ ಬಾಚಿ ಗಂಟು ಹಾಕಿದೆ. ಅವಳ ಮುಖದ ಎಡಭಾಗ ನಗುತ್ತಿತ್ತು, ನನ್ನ ಭಯ ಒಂದು ಗಳಿಗೆ ಇಳಿಯಿತು.

ರಿಜಿಸ್ಟ್ರಾರ್ ಆಫೀಸಿನ ಒಳಗೆ ಜನ. ಮಾವ, ಅವರ ಇಬ್ಬರು ಗಂಡುಮಕ್ಕಳು, ಪತ್ರ ಬರೆಯುವವರು, ಗಾಲಿ ಕುರ್ಚಿಯಲ್ಲಿ ಅಮ್ಮ. ಮಾವ ಮೊದಲು ಸಹಿ ಹಾಕಿದರು, ಕ್ಯಾಮರಾ ಮುಂದೆ ಕೂತರು, ಹೆಬ್ಬೆಟ್ಟು ಕೊಟ್ಟರು. ಗಂಡುಮಕ್ಕಳು ಹಾಕಿದರು. ಇಬ್ಬರ ಮುಖವೂ ಬಿಗಿದಿತ್ತು, ಆದರೆ ಅಪ್ಪನ ಮಾತಿಗೆ ಎದುರಾಡಲಿಲ್ಲ. ತೆಗೆದುಕೊಳ್ಳುವವರೂ ಒಪ್ಪಿ ಹೆಬ್ಬೆಟ್ಟು ಒತ್ತಬೇಕು. ಅಮ್ಮನ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ತಳ್ಳಿ, ಜೀವ ಇದ್ದ ಆ ಎಡಗೈಯನ್ನು ಎತ್ತಿದೆ. ಒಂದು ಒತ್ತು. ಅಷ್ಟಾದರೆ ಅವಳ ಆಯುಷ್ಯವಿಡೀ ಸಾಕು, ನಮ್ಮ ಸೈಟು ನಮಗುಳಿಯುತ್ತದೆ.

ಅಮ್ಮ ಕೈ ಹಿಂದಕ್ಕೆಳೆದುಕೊಂಡಳು. "ವದ್ದು" ಅಂದಳು. ಬೇಡ ಅಂತ.

ಮಾವ ಬಗ್ಗಿ, ನಿನ್ನದೇ ಅಕ್ಕ, ನಾನು ಕೊಟ್ಟ ಮಾತು ಅಂದರು. ಅಮ್ಮ ಅವರ ಕಡೆ ನೋಡಲಿಲ್ಲ. ಗೋಡೆಗೆ ಒರಗಿ ನಿಂತಿದ್ದ ಇಬ್ಬರು ಗಂಡುಮಕ್ಕಳನ್ನು ನೋಡಿದಳು. ತುಂಬಾ ಕಷ್ಟಪಟ್ಟು ಕೇಳಿದಳು.

"ಸೀರೆ... ತರ್ತೀರಾ?"

ಮಾವನಿಗೂ ನನಗೂ ತಕ್ಷಣ ಅರ್ಥವಾಯಿತು. ನಮ್ಮಲ್ಲಿ ಹೆಂಗಸು ಸತ್ತರೆ ಕೊನೆಯ ಸೀರೆ ತವರಿನಿಂದ ಬರಬೇಕು. ಅದು ಬಂದು ಮೈಮೇಲೆ ಬಿದ್ದ ಮೇಲೆಯೇ ಹೆಣ ಎತ್ತುವುದು. ನಮ್ಮ ಬೀದಿಯಲ್ಲೇ ಒಬ್ಬರು ಅಣ್ಣಂದಿರ ಮೇಲೆ ಭಾಗಕ್ಕೆ ಕೇಸು ಹಾಕಿ ಗೆದ್ದಿದ್ದರು. ಅವರು ಹೋದ ದಿನ ತವರಿನಿಂದ ಒಂದು ನೊಣವೂ ಬರಲಿಲ್ಲ. ಸಂಜೆಯವರೆಗೆ ಕಾದು, ಕೊನೆಗೆ ಮೈದುನ ಬಜಾರಿಗೆ ಹೋಗಿ ಸೀರೆ ತಂದು ಹೊದಿಸಿದ. ಆ ಮನೆಯಿಂದ ಬಂದ ಅಮ್ಮ ಸ್ನಾನ ಮಾಡಿ ಊಟ ಬಿಟ್ಟು ಮಲಗಿದ್ದಳು. ಈಗ ಅವಳು ಕೇಳುತ್ತಿದ್ದದ್ದು ಅದನ್ನೇ, ಮತ್ತು ಕೇಳಬೇಕಾದವರನ್ನೇ ಕೇಳುತ್ತಿದ್ದಳು. ಅವಳಿಗಿಂತ ಮೊದಲೇ ತಮ್ಮ ಹೋಗಿಬಿಟ್ಟರೆ ಸೀರೆ ಹಿಡಿದು ಬರಬೇಕಾದವರು ಆ ಇಬ್ಬರೇ.

ನಾನು ತರ್ತೀನಿ ಅಕ್ಕ ಅಂತ ಮಾವ ಕಣ್ಣು ಒರೆಸಿಕೊಂಡರು. ಅಮ್ಮ ಇನ್ನೂ ಆ ಹುಡುಗರನ್ನೇ ನೋಡುತ್ತಿದ್ದಳು. ಹುಡುಗರು ಅಂದರೆ ಇಬ್ಬರಿಗೂ ನಲವತ್ತು ದಾಟಿದೆ, ಅವರನ್ನು ಎತ್ತಿ ಆಡಿಸಿದ್ದು ಅವಳೇ. ಚಿಕ್ಕವನು ಮೊಬೈಲ್ ನೋಡಿಕೊಂಡ. ದೊಡ್ಡವನು ಬಾಯಿಬಿಟ್ಟ.

"ಅದೆಲ್ಲ ಆಮೇಲ್ ನೋಡಣ ಬಿಡು ಅತ್ತೆ. ಮೊದ್ಲು ಇದಾಗ್ಲಿ."

ಅಮ್ಮ ಎಡಗೈಯ ಹೆಬ್ಬೆರಳನ್ನು ಒಳಗೆ ಮಡಚಿ ಮುಷ್ಟಿ ಬಿಗಿ ಮಾಡಿದಳು.

ಇನ್ನು ಮುಂದಿನದನ್ನು ನಾನು ಯಾರಿಗೂ ಹೇಳಿಲ್ಲ, ನನ್ನ ಗಂಡನಿಗೂ. ನಾನು ಆ ಮುಷ್ಟಿ ಹಿಡಿದುಕೊಂಡೆ. ಅಮ್ಮ, ಹುಚ್ಚಾಟ ಬೇಡ ಅಂತ ಕಿವಿಯಲ್ಲಿ ಹೇಳುತ್ತಾ ಅವಳ ಕಿರುಬೆರಳು ಬಿಡಿಸಿದೆ. ಆಮೇಲೆ ಉಂಗುರದ ಬೆರಳು. ಕಾಯಿಲೆಯ ಕೈ, ಏನೂ ಶಕ್ತಿ ಇರಲಿಲ್ಲ, ಇನ್ನೆರಡು ಬೆರಳು ಬಿಡಿಸಿದ್ದರೆ ಹೆಬ್ಬೆರಳು ಸಿಗುತ್ತಿತ್ತು. ಅವಳು ನನ್ನ ಮುಖ ನೋಡಿದಳು. ಸಿಟ್ಟಿರಲಿಲ್ಲ. ಮೇಜಿನ ಆಚೆ ಕೂತಿದ್ದ ಅಧಿಕಾರಿ, ಬಲವಂತ ಮಾಡಂಗಿಲ್ಲಮ್ಮ, ಅವರು ಒಪ್ಪದೆ ಇದ್ದರೆ ನಾನು ತಗೊಳ್ಳಲ್ಲ ಅಂದರು. ನಾನು ಕೈ ಬಿಟ್ಟೆ. ಅವರು ಹೇಳದೇ ಇದ್ದಿದ್ದರೆ ಬಿಡುತ್ತಿದ್ದೆನಾ ಅಂತ ಈಗಲೂ ಕೇಳಿಕೊಳ್ಳುತ್ತೇನೆ. ಬಿಡುತ್ತಿರಲಿಲ್ಲ ಅಂತಲೇ ಅನ್ನಿಸುತ್ತದೆ.

ಹೊರಗೆ ಮಾವ ವ್ಯಾನಿನ ಬಾಗಿಲು ಹಿಡಿದು ನಿಂತು, ಇನ್ನೊಂದು ದಿನ ನೋಡೋಣ ಕಣಮ್ಮ ಅಂದರು. ಗಂಡುಮಕ್ಕಳಿಬ್ಬರೂ ಬಂದು ಅಮ್ಮನ ಕಾಲು ಮುಟ್ಟಿ ನಮಸ್ಕಾರ ಮಾಡಿದರು. ಒಳಗೆ ಗೋಡೆಗೆ ಒರಗಿ ನಿಂತಿದ್ದ ಅದೇ ಗಂಡಸರು. ದೊಡ್ಡವನು ಓಡಿಹೋಗಿ ಎಳನೀರು ತಂದು, ಸ್ಟ್ರಾ ಹಾಕಿ, ಅವಳ ಬಾಯಿಗೆ ತಾನೇ ಹಿಡಿದ. ಅಮ್ಮ ಕುಡಿದಳು. ನನಗೆ ಆ ಎಳನೀರನ್ನು ಕಿತ್ತು ರಸ್ತೆಗೆ ಎಸೆಯಬೇಕು ಅನ್ನಿಸಿತು.

ಚಿಕ್ಕಬಳ್ಳಾಪುರದವರೆಗೆ ಒಂದೇ ಲೆಕ್ಕ ಹಾಕುತ್ತಾ ಬಂದೆ. ಸತ್ತ ದಿನದ ಒಂದು ಸೀರೆಗಾಗಿ ಬದುಕುವ ದಿನಗಳನ್ನೆಲ್ಲ ಬಿಟ್ಟುಕೊಟ್ಟು ಬಂದಿದ್ದಾಳೆ, ಆ ದಿನಗಳನ್ನು ದಾಟಿಸಬೇಕಾದವಳು ನಾನು. ಕಳವಾರದ ಕಡೆಯ ಬೆಟ್ಟ ಕಿಟಕಿಯಲ್ಲಿ ಕಾಣಿಸುವ ಹೊತ್ತಿಗೆ ತಡೆಯಲಾಗದೆ ಕೇಳಿಯೇಬಿಟ್ಟೆ. ಸೀರೆ ತರುವವರ ಬಗ್ಗೆ ಅಷ್ಟು ಯೋಚನೆ ಮಾಡಿದೆಯಲ್ಲ, ಅಲ್ಲಿಯವರೆಗೆ ನಿನ್ನನ್ನು ನೋಡಿಕೊಳ್ಳುವವರು ಯಾರು ಅಂತ ಯೋಚನೆ ಮಾಡಿದೆಯಾ ಅಂದೆ. ದನಿ ಜೋರಾಗಿಯೇ ಇತ್ತು. ಡ್ರೈವರು ಕನ್ನಡಿಯಲ್ಲಿ ನೋಡಿದ.

ಅಮ್ಮನಿಗೆ ಆ ಪ್ರಶ್ನೆಯೇ ವಿಚಿತ್ರ ಅನ್ನಿಸಿದ ಹಾಗೆ ಕಂಡಿತು. ಪದಗಳನ್ನು ಹುಡುಕಿ ಹುಡುಕಿ ಜೋಡಿಸಿದಳು.

"ನೀನು ಇದ್ದೀಯ. ಅವರು... ಬರಬೇಕಲ್ಲ."

ಹೇಳಿ ಕಣ್ಣು ಮುಚ್ಚಿಕೊಂಡಳು, ಸ್ವಲ್ಪ ಹೊತ್ತಿಗೆ ನಿದ್ದೆ ಹೋದಳು. ಅವಳಿಗೆ ಅದರಲ್ಲಿ ಭಯಪಡುವಂಥದ್ದು ಏನೂ ಇರಲಿಲ್ಲ. ನಾನು ಬರಬೇಕಾದವಳಲ್ಲ, ಇರುವವಳು. ಇರುವವರನ್ನು ಯಾರೂ ಕೂಗಿ ಕರೆಯುವುದಿಲ್ಲ, ಅವರಿಗಾಗಿ ಏನನ್ನೂ ಬಿಟ್ಟುಕೊಡುವುದಿಲ್ಲ. ನನಗೆ ಅಳು ಬಂತು. ಅದು ಪ್ರೀತಿಗೆ ಬಂದದ್ದೋ ಕೋಪಕ್ಕೆ ಬಂದದ್ದೋ ಗೊತ್ತಾಗಲಿಲ್ಲ. ಅವಳ ಕೈಮೇಲೆ, ನಾನು ಬೆರಳು ಬಿಡಿಸಿದ ಕಡೆ, ಸ್ವಲ್ಪ ಕೆಂಪಗಾಗಿತ್ತು.

ಮುಂದಿನ ತಿಂಗಳು ಸೈಟು ಮಾರಾಟಕ್ಕಿಟ್ಟೆವು. ನನ್ನ ಗಂಡ ಸೈಟಿನ ಕಾಗದ ತಾವೇ ಹುಡುಕಿ ತೆಗೆದುಕೊಟ್ಟರು, ಅದು ಅವರ ಒಳ್ಳೆಯತನ. ಕೊಳ್ಳುವವರು ಬಂದು ಅಳತೆ ನೋಡಿಕೊಂಡು ಹೋದ ಮಧ್ಯಾಹ್ನ ಮಗಳಿಗೆ ಫೋನ್ ಮಾಡಿ ವಿಷಯ ತಿಳಿಸಿದೆ. ಅಜ್ಜಿಗೆ ಆಯ್ತು, ನಿಮಗಿಬ್ರಿಗೂ ಮುಂದೆ ಏನಮ್ಮ ಅಂತ ಕೇಳಿದಳು. ತಮಾಷೆ ಮಾಡಿದೆ.

"ನೀನಿದ್ದೀಯಲ್ಲ ಕಣೇ."

ಕಟ್ ಆಯಿತೇನೋ ಅಂತ ಮೊಬೈಲ್ ನೋಡಿದೆ, ಆಗಿರಲಿಲ್ಲ. ಹಿಂದೆ ಅವಳ ಅತ್ತೆ ಏನೋ ಕೂಗಿದ್ದು ಕೇಳಿಸಿತು. ಅತ್ತೆಗೆ ಊಟಕ್ಕೆ ಹೊತ್ತಾಯ್ತು ಕಣಮ್ಮ, ಆಮೇಲೆ ಮಾಡ್ತೀನಿ ಅಂತ ಹೇಳಿ ಫೋನ್ ಇಟ್ಟಳು.